ತಲೆ ಎಣಿಸುವ ಶಿಷ್ಯತ್ವ

ನಿಷ್ಠಾವಂತ ಕ್ರೈಸ್ತ ಎಂದರೆ ಯಾರು? ಶಿವಮೊಗ್ಗದ ವಿನೋಬನಗರದಲ್ಲಿ ಕೇಳಿದರೂ ಬೇರೆಲ್ಲಿ ಕೇಳಿದರೂ ಉತ್ತರ ಎರಡೇ. ಭಾನುವಾರ ತಪ್ಪಿಸದವನು, ದಶಮಾಂಶ ಕೊಡುವವನು, ನಾಲ್ಕು ಜನರನ್ನು ಕರ್ತನ ಬಳಿಗೆ ತಂದವನು ಎನ್ನುತ್ತಾರೆ ಸಭೆಯ ಒಳಗಿನವರು. ಮತಾಂತರ ಮಾಡುವವನು, ಹುಷಾರು ಎನ್ನುತ್ತಾರೆ ಹೊರಗಿನವರು. ಒಂದು ಹೊಗಳಿಕೆ, ಇನ್ನೊಂದು ಬೈಗುಳ. ಅಳತೆಗೋಲು ಮಾತ್ರ ಒಂದೇ: ಎಷ್ಟು ತಲೆ ಸೇರಿದವು? 2022ರಲ್ಲಿ ಜಾರಿಗೆ ಬಂದ ರಾಜ್ಯದ ಮತಾಂತರ ನಿಷೇಧ ಕಾಯ್ದೆಯ ಗದ್ದಲದಲ್ಲೂ ಬಹುಪಾಲು ಮಾತು ಈ ಲೆಕ್ಕದ ಸುತ್ತಲೇ ತಿರುಗಿತು.

ಈ ಅಳತೆಗೋಲೇ ತಪ್ಪು. ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಬೇಕೆಂಬ ಆಜ್ಞೆ ಮತ್ತಾಯನ ಸುವಾರ್ತೆಯ 28ನೇ ಅಧ್ಯಾಯದಲ್ಲಿದೆ, ನಿಜ. ಆದರೆ ಆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಆಜ್ಞಾಪಿಸಿದ್ದನ್ನೆಲ್ಲ ಪಾಲಿಸಲು ಅವರಿಗೆ ಕಲಿಸಬೇಕೆನ್ನುತ್ತದೆ. ತಾನೇ ಪಾಲಿಸದವನು ಕಲಿಸುವುದೇನನ್ನು? ಅದೇ ಸುವಾರ್ತೆಯ 25ನೇ ಅಧ್ಯಾಯದ ಕಡೆಯ ತೀರ್ಪಿನಲ್ಲಿ ಎಷ್ಟು ಜನರನ್ನು ಕರೆತಂದೆ ಎಂಬ ಪ್ರಶ್ನೆಯೇ ಬರುವುದಿಲ್ಲ. ಹಸಿದವನಿಗೆ ಅನ್ನ ಕೊಟ್ಟೆಯಾ, ಪರದೇಶಿಯನ್ನು ಸೇರಿಸಿಕೊಂಡೆಯಾ, ಸೆರೆಯಲ್ಲಿದ್ದವನನ್ನು ಕಂಡೆಯಾ ಎಂಬುದೇ ಅಲ್ಲಿನ ವಿಚಾರಣೆ.

ಲೂಕನ 19ನೇ ಅಧ್ಯಾಯದ ಜಕ್ಕಾಯನನ್ನು ನೋಡಿ. ಯೆರಿಕೋವಿನ ಈ ಸುಂಕದ ಅಧಿಕಾರಿಗೆ ಹುದ್ದೆ ಬಿಡು ಎಂದಾಗಲಿ ಊರೂರು ಸುತ್ತಿ ಸಾರು ಎಂದಾಗಲಿ ಯೇಸು ಹೇಳಿದ್ದು ಅಲ್ಲಿ ಕಾಣುವುದಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಅವನೇ ಎದ್ದು ಹೇಳಿದ. ಶಿಷ್ಯತ್ವ ಮೊದಲು ಮುಟ್ಟಿದ್ದು ಅವನ ಹಣದ ಪೆಟ್ಟಿಗೆಯನ್ನು. ನಮ್ಮಲ್ಲೋ, ಲಂಚ ಮುಟ್ಟಿದ ಕೈಯೇ ಕಾಣಿಕೆ ಹಾಕುವುದುಂಟು. ಸಂಬಂಧ ಕೂಡಿಸುವಾಗ ಮೂಲ ಜಾತಿ ವಿಚಾರಿಸಿದ ಬಾಯೇ ಆರಾಧನೆಯಲ್ಲಿ ಹಾಡುವುದೂ ಉಂಟು. ಸಭೆಯ ಹಾಜರಿ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಪಕ್ಕದ ಭದ್ರಾವತಿಯನ್ನೇ ತೆಗೆದುಕೊಳ್ಳಿ. 1923ರಲ್ಲಿ ಕೆಲಸ ಶುರುಮಾಡಿದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು. ಅಂಥ ಹೊತ್ತಿನಲ್ಲಿ ಅವರಿಗಾಗಿ ಪ್ರಾರ್ಥಿಸಿದೆವು ಎಂದು ಮುಗಿಸುವುದು ಸುಲಭ. ಕೂಲಿ ನಿಂತ ಮನೆಯ ಧರ್ಮ ಕೇಳದೆ ಆ ಮಕ್ಕಳ ಫೀಸಿಗೆ ಹೆಗಲು ಕೊಡುವುದು ಕಷ್ಟ. ಶಿಷ್ಯನ ಪರೀಕ್ಷೆ ಆ ಕಷ್ಟದಲ್ಲಿದೆ.

ಹಾಗಾದರೆ ಸೇವೆ ಸಾಕು, ಕ್ರಿಸ್ತ ಏಕೆ ಎನ್ನುವವರೂ ಇದ್ದಾರೆ. ಮಿಷನರಿ ಕಿಟೆಲರ 1894ರ ಕನ್ನಡ ನಿಘಂಟನ್ನು ತಲೆಯ ಮೇಲೆ ಹೊತ್ತು, 1862ರಲ್ಲಿ ಯೇಸುವಿನ ಚರಿತೆಯನ್ನು ಕನ್ನಡ ಛಂದಸ್ಸಿಗೆ ತಂದ ಅವರ 'ಕಥಾಮಾಲೆ'ಯನ್ನು ಮರೆಯುವವರ ವಾದವಿದು. ಒಳ್ಳೆಯತನ ಕ್ರೈಸ್ತರ ಗುತ್ತಿಗೆಯಲ್ಲ. 1951ರಿಂದ ಭೂದಾನಕ್ಕಾಗಿ ಊರೂರು ನಡೆದ ವಿನೋಬಾ ಕ್ರೈಸ್ತರಾಗಿರಲಿಲ್ಲ. ಆದರೆ ಶಿಷ್ಯನಾದವನು ತಾನು ಕ್ರಿಸ್ತನಿಗೆ ಲೆಕ್ಕ ಒಪ್ಪಿಸಬೇಕಾದವನು ಎಂದು ಬದುಕುತ್ತಾನೆ. ಆ ನಂಬಿಕೆಯನ್ನು ಕಿತ್ತು ದುಡಿಮೆಯನ್ನಷ್ಟೇ ಇಟ್ಟುಕೊಂಡರೆ ಕಿಟೆಲರು ಅರ್ಥವಾಗುವುದಿಲ್ಲ.

ಸಭೆಗಳು ತಮ್ಮ ವಾರ್ಷಿಕ ವರದಿಯಲ್ಲಿ ದೀಕ್ಷಾಸ್ನಾನದ ಸಂಖ್ಯೆಯ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಲಿ: ಈ ವರ್ಷ ನಮ್ಮಲ್ಲಿ ಯಾರು ಏನನ್ನು ಹಿಂದಿರುಗಿಸಿದರು? ಹೊರಗಿನವರೂ ನೆರೆಮನೆಯ ಕ್ರೈಸ್ತನನ್ನು ಅದೇ ಪ್ರಶ್ನೆಯಿಂದ ಅಳೆಯಲಿ.