ಜನನಕಾಲದ ತೂಕ ಮತ್ತು ಮಧುಮೇಹ: ಮೈಸೂರಿನ ದಾಖಲೆಗಳ ಒಂದು ವಿಮರ್ಶೆ

ಹುಟ್ಟುವಾಗ ತೂಕ ಕಡಮೆಯಿದ್ದ ಶಿಶು ಪ್ರಾಯ ಕಳೆದ ಮೇಲೆ ಮಧುಮೇಹಕ್ಕೆ ಗುರಿಯಾಗುವ ಸಂಭವ ಹೆಚ್ಚೆಂಬ ಮಾತು ನಮ್ಮಲ್ಲಿ ಸಿದ್ಧಾಂತದಂತೆ ಸಲ್ಲುತ್ತಿದೆ. ಇದರ ಮೂಲ ಇಂಗ್ಲೆಂಡಿನದು. ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ ಜನಿಸಿದ ಗಂಡಸರನ್ನು ಪರೀಕ್ಷಿಸಿ ಹೇಲ್ಸ್, ಬಾರ್ಕರ್ ಮೊದಲಾದವರು 1991ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಆಧಾರ. ಗರ್ಭದಲ್ಲಿ ಆಹಾರ ಸಾಲದೆ ಹೋದ ದೇಹ ಅಭಾವಕ್ಕೆ ಹೊಂದಿಕೊಳ್ಳುತ್ತದೆ. ಮುಂದೆ ಸಮೃದ್ಧಿ ಒದಗಿದಾಗ ಆ ಹೊಂದಿಕೆಯೇ ಕೇಡಾಗುತ್ತದೆ ಎಂಬುದು 1992ರಲ್ಲಿ ಅವರು ಮಂಡಿಸಿದ ವಾದದ ಸಾರ. ವಾದವೇನೋ ಸೊಗಸಾಗಿದೆ. ಆದರೆ ನಮ್ಮ ನಾಡಿನ ದಾಖಲೆ ಇದಕ್ಕೆ ಅಷ್ಟು ಸುಲಭವಾಗಿ ಒಪ್ಪಿಗೆ ಕೊಡುವುದಿಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಎಂದರೆ ಜನರ ಬಾಯಲ್ಲಿನ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1954ರೊಳಗೆ ಅಲ್ಲಿ ಜನಿಸಿ ಅದೇ ಪರಿಸರದಲ್ಲಿ ನೆಲಸಿದ್ದವರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಹೃದ್ರೋಗದ ಮಟ್ಟಿಗೆ ಇಂಗ್ಲೆಂಡಿನ ಮಾತೇ ನಿಂತಿತು: ಕಡಮೆ ತೂಕದಿಂದ ಹುಟ್ಟಿದವರಲ್ಲಿ ಅದು ಹೆಚ್ಚಾಗಿತ್ತೆಂದು 1996ರ ವರದಿ ತಿಳಿಸುತ್ತದೆ. ಮಧುಮೇಹದ ಸಂಗತಿ ಬೇರೆ. ಫಾಲ್ ಮತ್ತು ಸಂಗಡಿಗರ 1998ರ ಲೇಖನದಂತೆ, 506 ಜನರಲ್ಲಿ ಈ ರೋಗ ಹೆಚ್ಚಾಗಿ ಕಂಡದ್ದು ಉದ್ದಕ್ಕೆ ಮೀರಿ ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಒಂದೇ ಕಡತ ಎರಡು ರೋಗಗಳಿಗೆ ಎರಡು ಉತ್ತರ ಕೊಟ್ಟಿದೆಯೆಂಬುದನ್ನು ಪ್ರಚಾರಕರು ಮರೆಯುವುದು ಉಚಿತವಲ್ಲ.

ತಾಯಿಯ ರಕ್ತದಲ್ಲಿನ ಸಕ್ಕರೆಯೇ ಇದಕ್ಕೆ ಕಾರಣವಿರಬಹುದೆಂದು ಲೇಖಕರು ಊಹಿಸಿದರು. ಆ ಕಾಲದ ಕಡತದಲ್ಲಿ ಸಕ್ಕರೆಯ ಲೆಕ್ಕವಿಲ್ಲದ್ದರಿಂದ ಅದು ಊಹೆಯಾಗಿಯೇ ಉಳಿಯಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರ ಸಕ್ಕರೆಯನ್ನು ಅಳೆದು ಈ ಕೊರತೆಯನ್ನು ತುಂಬಿತು. ಗರ್ಭಕಾಲದ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು; ತಂದೆಗೆ ಮಧುಮೇಹವಿದ್ದ ಮಕ್ಕಳಲ್ಲಿ ಹಾಗಿರಲಿಲ್ಲ. ರೋಗ ಬರಿಯ ವಂಶಪಾರಂಪರ್ಯದ್ದೆಂದು ಕೈಚೆಲ್ಲುವವರಿಗೆ ಈ ವ್ಯತ್ಯಾಸ ಬಲವಾದ ಉತ್ತರವೆಂದು ನಮ್ಮ ಅಭಿಪ್ರಾಯ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಹಳೆಯ ಕಡತ ಪಟ್ಟಣದ ಆಸ್ಪತ್ರೆಯದು. ಅದರಿಂದ ಲೆಕ್ಕಕ್ಕೆ ಸಿಕ್ಕವರು ಬದುಕಿ ಉಳಿದು ಊರು ಬಿಡದೆ ಇದ್ದವರು ಮಾತ್ರ. ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಂಥ ಕಡೆ ಆ ದಶಕಗಳ ಹೆರಿಗೆ ಬಹುಮಟ್ಟಿಗೆ ಮನೆಯಲ್ಲಿಯೇ. ಸೂಲಗಿತ್ತಿಯ ಬಳಿ ತಕ್ಕಡಿ ಇರುತ್ತಿರಲಿಲ್ಲ. ರಾಗಿ ಉಂಡು ಹೊಲದಲ್ಲಿ ದುಡಿದ ತಾಯಿಗೂ ಪೇಟೆಯ ತಾಯಿಗೂ ಒಂದೇ ನಿಯಮವನ್ನು ಅನ್ವಯಿಸುವುದಕ್ಕೆ ಈ ದಾಖಲೆಯಿಂದ ಅಧಿಕಾರ ಬರುವುದಿಲ್ಲ. ಹಳ್ಳಿಯಲ್ಲಿ ಹೀಗೆಯೇ ಶೋಧಿಸಬೇಕಾದರೆ ತೂಕವೊಂದೇ ಸಾಲದು. ಶಿಶುವಿನ ಉದ್ದವನ್ನೂ ಗರ್ಭಿಣಿಯ ಸಕ್ಕರೆಯನ್ನೂ ಅದೇ ಪುಟದಲ್ಲಿ ಬರೆದಿಡಬೇಕಾಗುತ್ತದೆ.