ಕಾಣದ ಪ್ರಾಣಿಗೆ ಮೈ ಕೊಟ್ಟವರು

ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಹೋದಾಗಲೆಲ್ಲ ಲಕ್ಷ್ಮೀನಾರಾಯಣ ಗುಡಿಯ ಹೊರಗೋಡೆಯ ಮಕರಗಳ ಮುಂದೆ ನಿಂತುಬಿಡುತ್ತೇನೆ. ಕೆಳಗಿನಿಂದ ಐದನೆಯ ಸಾಲು. ಆನೆ, ಕುದುರೆ, ಬಳ್ಳಿ, ಪುರಾಣದ ಕಥೆಗಳ ಮೇಲೆ, ಹಂಸಗಳ ಕೆಳಗೆ. 13ನೇ ಶತಮಾನದ ಆ ರೂವಾರಿಗಳು ಮಕರವೆಂಬ ಈ ಕಲ್ಪನೆಯ ಪ್ರಾಣಿಯನ್ನು ಕಂಡವರಲ್ಲ. ಆದರೆ ಆನೆಯ ಸೊಂಡಿಲು, ಸಿಂಹದ ಕಾಲು, ಹಂದಿಯ ಒಡಲು, ನವಿಲಿನ ಬಾಲ ಎಲ್ಲಿ ಕೂಡಬೇಕೆಂದು ಅವರ ಉಳಿಗೆ ಗೊತ್ತಿತ್ತು. ಬಳಪದ ಕಲ್ಲು ಹೊಸದರಲ್ಲಿ ಮೆದು. ಅದಕ್ಕೇ ಬಾಲ ಹೂಬಳ್ಳಿಯಾಗಿ ಸುರುಳಿ ಬಿಚ್ಚಿದೆ. ಇಷ್ಟಾದರೂ ಕಾಲು ನೆಲಕ್ಕೆ ಊರಿದೆ, ಮೈಗೆ ಭಾರವಿದೆ. ನಡೆದೀತು ಅನ್ನಿಸುತ್ತದೆ!

ಕಾಣದ ಪ್ರಾಣಿಯನ್ನೇ ಬರೆಯಬೇಕಾದ ಡೈನೊಸಾರ್ ಚಿತ್ರಕಾರರ ಕಷ್ಟ ನನಗೆ ಅರ್ಥವಾದದ್ದು ಇಲ್ಲೇ. ನರ್ಮದಾ ಕಣಿವೆಯ ಡೈನೊಸಾರ್ ರಾಜಾಸಾರಸ್‌ಗೆ 2003ರಲ್ಲಿ ಹೆಸರಿಟ್ಟಾಗ ಕೈಯಲ್ಲಿದ್ದದ್ದು ತಲೆಬುರುಡೆಯ ಭಾಗ, ಬೆನ್ನು, ಸೊಂಟ, ಕಾಲು, ಬಾಲದ ಒಂದಿಷ್ಟು ಎಲುಬು. ಉಳಿದದ್ದನ್ನು ಹತ್ತಿರದ ಜಾತಿಗಳಿಂದ, ಸ್ನಾಯು ಅಂಟಿದ್ದ ಗುರುತುಗಳಿಂದ, ಇಂದಿನ ಮೊಸಳೆ ಮತ್ತು ಹಕ್ಕಿಗಳ ಮೈಕಟ್ಟಿನಿಂದ ತುಂಬಬೇಕು. ಮಕರವನ್ನು ಯಾವ ಎಲುಬೂ ಅಲ್ಲಗಳೆಯದು. ಡೈನೊಸಾರ್ ಚಿತ್ರಕ್ಕೆ ಆ ನೆಮ್ಮದಿಯಿಲ್ಲ. 1996ರಲ್ಲಿ ಚೀನಾದಲ್ಲಿ ಪುಕ್ಕದ ಗುರುತುಳ್ಳ ಸೈನೊಸಾರಾಪ್ಟೆರಿಕ್ಸ್ ಎಂಬ ಡೈನೊಸಾರ್ ಬೆಳಕಿಗೆ ಬಂದ ಮೇಲೆ ಎಷ್ಟೋ ಚಿತ್ರಗಳ ತೊಗಲೇ ಬದಲಾಯಿತು. ನಾಳೆ ಅಳಿಸಬೇಕಾದೀತೆಂದು ತಿಳಿದೂ ಇಂದು ಒಂದೊಂದು ಪುಕ್ಕವನ್ನೂ ಅಷ್ಟು ಅಕ್ಕರೆಯಿಂದ ಬರೆಯುವ ಆ ಕೈಗಳ ಮೇಲೆ ನನಗೆ ರೂವಾರಿಗಳ ಮೇಲಿರುವಷ್ಟೇ ಗೌರವ.