ಸೋದರಮಾವನ ಕಿವಿ

ಪುಟ್ಟರಾಜ ಗವಾಯಿಗಳ ತುಲಾಭಾರ ಕಾಣದ ಹಿರಿಯರು ನಮ್ಮ ಕಡೆ ಕಡಿಮೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅಜ್ಜಾರು, ಇನ್ನೊಂದರಲ್ಲಿ ನಾಣ್ಯದ ಚೀಲ. ಊರಿಗೆ ಅದು ಭಕ್ತಿ. ಅಂಧ ಮಕ್ಕಳು ಸಂಗೀತ ಕಲಿಯುವ ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಡುಗೆಮನೆಗೆ ಅದೇ ಜೋಳ, ಅಕ್ಕಿ, ಬೇಳೆ. ಅಂಧ ಮಕ್ಕಳ ಊಟಕ್ಕೆ ತನ್ನ ಮೈಭಾರವನ್ನೇ ತೂಗಿಸಿಕೊಂಡ ಇಂಥ ಮುಂದಾಳು ಯಾವ ಆಡಳಿತ ಪಠ್ಯದಲ್ಲೂ ಸಿಗಲಿಕ್ಕಿಲ್ಲ. ಆದರೆ ಕೈ ಮುಗಿದ ಮೇಲೆ ‘ಇದನ್ನು ಹೀಗೂ ಮಾಡಬಹುದಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ಆಶ್ರಮದ ಬಗ್ಗೆ ಬಂದ ಬರಹವೆಲ್ಲ ಬಹುತೇಕ ಸ್ತುತಿಯೇ.

ಸ್ತುತಿಗೆ ಕಾರಣವಿಲ್ಲದಿಲ್ಲ. ಪುಟ್ಟರಾಜರ ಗುರು ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. 1944ರಲ್ಲಿ ಗವಾಯಿಗಳು ತೀರಿಕೊಂಡಾಗ ಆಶ್ರಮದ ಭಾರ ಹೊತ್ತ ಪುಟ್ಟರಾಜರಿಗೆ ಮೂವತ್ತು ವರ್ಷ; ಅವರಿಗೂ ಕಣ್ಣಿಲ್ಲ. ಅಲ್ಲಿಂದ 2010ರವರೆಗೆ ಅರವತ್ತಾರು ವರ್ಷ ಅವರೇ ನಡೆಸಿದರು. ಕಣ್ಣಿದ್ದ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಬಳಿ, ವೆಂಕಟೇಶಕುಮಾರ್ ಪುಟ್ಟರಾಜರ ಬಳಿ, ಅಂಧ ಮಕ್ಕಳ ಪಕ್ಕದಲ್ಲೇ ಕೂತು ಕಲಿತರು. ‘ಸಮನ್ವಯ ಶಿಕ್ಷಣ’ ಎಂಬ ಸರ್ಕಾರಿ ಮಾತು ಹುಟ್ಟುವ ಎಷ್ಟೋ ಮೊದಲಿನ ಮಾತಿದು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅಂಗವಿಕಲರ ಸಂಸ್ಥೆ, ಅಂದರೆ ಎ.ಪಿ.ಡಿ. ಕಟ್ಟಿದ್ದೂ ಇದೇ ಬಗೆಯಲ್ಲಿ: ನೋವು ಉಂಡವರೇ ಮುಂದೆ ನಿಂತರು.

ನನ್ನ ತಕರಾರು ಬೇರೆ ಕಡೆ ಇದೆ. ಪುಟ್ಟರಾಜರು ಕಣ್ಣು ಕಳೆದುಕೊಂಡದ್ದು ಆರು ತಿಂಗಳ ಕೂಸಾಗಿದ್ದಾಗ. ತಂದೆತಾಯಿಯೂ ಬೇಗ ಹೋದರು. ಸಾಕಿದವರು ಸೋದರಮಾವ ಚಂದ್ರಶೇಖರಯ್ಯ. ಅವರ ಹಾರ್ಮೋನಿಯಂ ಮೇಲೆ ಹುಡುಗ ತಾನಾಗಿಯೇ ಬೆರಳಾಡಿಸಿದ್ದನ್ನು ಕೇಳಿಸಿಕೊಂಡು ಪಂಚಾಕ್ಷರಿ ಗವಾಯಿಗಳ ಹತ್ತಿರ ಕರೆದೊಯ್ದರು. ಆ ಮಾವನಿಗೆ ಕಿವಿ ಇರದಿದ್ದರೆ? ಗುರುಕುಲದ ರೀತಿಯೇ ಹಾಗೆ: ಕೈಯಿಂದ ತಾನೇ ಉಣ್ಣುವ, ಸ್ವರ ಹಿಡಿಯುವ ಮಗು ಬಾಗಿಲಿಗೆ ಬರಬೇಕು. ಅದಕ್ಕೆ ಮೊದಲಿನ ವರ್ಷಗಳು ದೈವಕ್ಕೆ ಬಿಟ್ಟದ್ದು.

ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಯಂಥ ಊರಿನಲ್ಲಿ ಆ ವರ್ಷಗಳು ಹೇಗಿರುತ್ತವೆ ನೋಡಿ. ಕಾಣದ ಕೂಸು ಸದ್ದು ಬಂದತ್ತ ಕೈ ಚಾಚುವುದು ತಡ, ಸುಮಾರು ವರ್ಷ ತುಂಬುವ ಹೊತ್ತಿಗೆ. ಅಲ್ಲಿಯ ತನಕ ತೊಟ್ಟಿಲಲ್ಲಿ ಸುಮ್ಮನೆ ಮಲಗಿರುತ್ತದೆ. “ಅಳೂದಿಲ್ಲ, ಭಾಳ ಶಾಣ್ಯಾ ಕೂಸು” ಅಂತಾಳೆ ಅಜ್ಜಿ. ತಾಯಿ ಕೈಗೆ ಗೆಜ್ಜೆ ಕಟ್ಟಿಕೊಂಡು, ಕೂಸಿನ ಬೆರಳನ್ನು ಆ ಗೆಜ್ಜೆಗೆ ಮುಟ್ಟಿಸಿ, ಸದ್ದಿರುವಲ್ಲಿ ವಸ್ತುವಿದೆ ಎಂದು ಕಲಿಸಬಹುದು ಎಂಬುದನ್ನು ಯಾರೂ ಹೇಳಿರುವುದಿಲ್ಲ. ಇನ್ನು, ತಿಂಗಳು ತುಂಬದೆ ಹುಟ್ಟಿದ ಕೂಸಿನ ಕಣ್ಣು ಉಳಿಯಬೇಕಾದರೆ ಅಕ್ಷಿಪಟಲವನ್ನು ಹುಟ್ಟಿದ ಮೂವತ್ತು ದಿನದೊಳಗೆ ನೋಡಿಸಬೇಕು. ಇದನ್ನೇ ಹಿಡಿದು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಿಂದ ಕ್ಯಾಮೆರಾವನ್ನು ಜಿಲ್ಲೆಗಳ ಆಸ್ಪತ್ರೆಗಳಿಗೆ ಕಳಿಸಿತು: ಕಿಡ್ರಾಪ್ ಯೋಜನೆ. ಅಲ್ಲಿ ಕೂಸು ಬರಲೆಂದು ಕಾಯಲಿಲ್ಲ, ತಾವೇ ಹೋದರು. ಸರ್ಕಾರವೂ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತಂದಿದೆ. ಆದರೆ ಅಂಗನವಾಡಿಗೆ ಬರುವ ಅದರ ತಪಾಸಣಾ ತಂಡ ಒಂದೇ ದಿನದಲ್ಲಿ ನೋಡಬೇಕಾದ ಮಕ್ಕಳು ಹತ್ತಾರು. ಅಜ್ಜಿಯ ಮಾತು ಕೇಳುತ್ತ ತೊಟ್ಟಿಲ ಬಳಿ ಕೂರಲು ಪುರುಸೊತ್ತೆಲ್ಲಿ?

ಆ ಪುರುಸೊತ್ತು, ಆ ಕಿವಿ, ಎರಡೂ ಪುಣ್ಯಾಶ್ರಮದಲ್ಲಿ ಕಲಿತು ಹೊರಬಂದ ಅಂಧ ಸಂಗೀತ ಮೇಷ್ಟ್ರಿಗಿವೆ. ಕೂಸು ಹೇಗೆ ಕೇಳುತ್ತದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರನ್ನು ಮನೆಮನೆಗೆ ಕಳಿಸುವುದು ಅಜ್ಜಾರ ಹಾದಿಗೆ ಹೊರತೂ ಅಲ್ಲ. ಪಂಚಾಕ್ಷರಿ ಗವಾಯಿಗಳ ಪಾಠಶಾಲೆಯೇ ಸಂಚಾರಿಯಾಗಿತ್ತು, ಆಶ್ರಮದ ನಾಟಕ ಕಂಪನಿ ಊರೂರಲ್ಲಿ ಪರದೆ ಕಟ್ಟಿ ಹಣ ಕೂಡಿಸಿತ್ತು. ಅಡರಕಟ್ಟಿಯ ಅಂಗನವಾಡಿಗೆ ಪರದೆಯೂ ಬೇಡ, ತಕ್ಕಡಿಯೂ ಬೇಡ. ಒಬ್ಬ ಮೇಷ್ಟ್ರು, ಒಂದು ಜೊತೆ ಗೆಜ್ಜೆ.